ಕೌಂಟರ್ ಮುಚ್ಚದೆ ನಕಲು!

ಹಳೇಬೀಡು: ಕೈಬರಹದ ಪಹಣಿ ಕಾಲದಲ್ಲಿ ಗ್ರಾಮಲೆಕ್ಕಿಗರ ಪುಸ್ತಕಕ್ಕೆ ಗೆದ್ದಲು ಹತ್ತಿದರೆ ರೈತನ ಕತೆ ಮುಗಿದಂತೆಯೇ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರ್ ಸೇರಿತು. ಗೆದ್ದಲಿನ ಕಾಟ ತಪ್ಪಿತು. ಸರ್ವರೇ ಕೆಟ್ಟರೆ?

ರಾತ್ರಿ ಒಂದು ಸಲ ನಕಲು ತೆಗೆದಿಟ್ಟರೆ ಸಾಲದು. ಬೆಳಿಗ್ಗೆ ಅರಸೀಕೆರೆಯಲ್ಲಿ ಆದ ಖಾತೆ ಬದಲಾವಣೆ, ಸಂಜೆ ಯಂತ್ರ ಕೆಟ್ಟರೆ ಮಾಯ. ನಕಲಿಗೆಂದು ಹಗಲು ಕೌಂಟರ್ ಮುಚ್ಚಿದರೋ, ಹಳೇಬೀಡಿನಿಂದ ಬೇಲೂರಿಗೆ ಬಸ್ ಹತ್ತಿ ಬಂದವನ ಕೂಲಿಯೂ ದಂಡ, ಟಿಕೆಟ್ ಕಾಸೂ ದಂಡ.

ಅದಕ್ಕೇ ದೊಡ್ಡ ಸರ್ವರುಗಳಿಗೆ ಈಗ ಬಿಲ್ ಪುಸ್ತಕದ ಕಾರ್ಬನ್ ಹಾಳೆಯ ಉಪಾಯ. ಇಲ್ಲಿ ಬರೆದದ್ದು ಆ ಕ್ಷಣವೇ ದೂರದೂರಿನ ಇನ್ನೊಂದು ಸರ್ವರಿಗೂ ಇಳಿಯುತ್ತದೆ. ಕೆಲಸ ನಿಲ್ಲುವುದಿಲ್ಲ.

ಆದರೆ ಕಾರ್ಬನ್ನಿಗೆ ಸರಿ ತಪ್ಪು ಗೊತ್ತಿಲ್ಲ ನೋಡಿ! ಗುಮಾಸ್ತ ಕೈತಪ್ಪಿ ಒಂದು ಸರ್ವೆ ನಂಬರ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಆದ್ದರಿಂದ ಪ್ರತಿ ಬದಲಾವಣೆಯನ್ನೂ ಗಂಟೆ ನಿಮಿಷ ಸಮೇತ ಬೇರೆ ಬರೆದಿಡಬೇಕು. ಕಂಪ್ಯೂಟರಿನವರು ಇದನ್ನು ಜರ್ನಲ್ ಅನ್ನುತ್ತಾರೆ, ಅಂಗಡಿಯವರು ಕಿರ್ದಿ. ಖಾತೆ ಪುಸ್ತಕ ಹಾಳಾದರೂ ಕಿರ್ದಿ ಇದ್ದರೆ ಲೆಕ್ಕ ಮತ್ತೆ ಕಟ್ಟಬಹುದಲ್ಲ, ಹಾಗೆಯೇ 11 ಗಂಟೆಗೆ ಅಳಿದ ಪಹಣಿಯನ್ನು 10-59ರಲ್ಲಿ ಇದ್ದಂತೆ ಎತ್ತಿ ತರಬಹುದು. ಕಿರ್ದಿ ಮಾತ್ರ ಅದೇ ಡಿಸ್ಕಿನಲ್ಲಿ ಇರಬಾರದು.