ತಡವಾದ ಮದಲಿಂಗ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಹಳ್ಳಿಯಲ್ಲಿ ದಿಬ್ಬಣವು ಹೊತ್ತಿಗೆ ಸರಿಯಾಗಿ ಬಂದಿತೆಂದರೆ ಅದೇ ಸೋಜಿಗ. ಆರತಿ ಹಿಡಿದ ಹೆಂಗಳೆಯರು ಚಪ್ಪರದ ಬಾಗಿಲಲ್ಲಿ ಕಾದು ಕಾದು ತೂಕಡಿಸುವುದೂ ಉಂಟು. ಆದುದರಿಂದ ಮತ್ತಾಯನ ಸುವಾರ್ತೆಯಲ್ಲಿ ಬರುವ ಹತ್ತು ಕನ್ಯೆಯರ ಸಾಮ್ಯವು ಕನ್ನಡಿಗರಿಗೆ ಪರದೇಶದ ಕಥೆಯೆನಿಸದು. ದೀವಿಗೆ ಹಿಡಿದು ಮದಲಿಂಗನನ್ನು ಎದುರುಗೊಳ್ಳಲು ಹೊರಟವರು ಅವರು. ಅವನು ತಡಮಾಡಿದನು, ಎಲ್ಲರೂ ನಿದ್ದೆಹೋದರು. ಜಾಣೆಯರೂ ನಿದ್ರಿಸಿದರೆಂಬುದನ್ನು ವಾಚಕರು ಗಮನಿಸಬೇಕು. ನಡುರಾತ್ರಿ ಕೂಗೆದ್ದಾಗ ಐವರ ಬಳಿ ಮಾತ್ರ ಮಿಗಿಲು ಎಣ್ಣೆಯಿತ್ತು. ಉಳಿದವರು ಕೊಂಡುತರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಇದಕ್ಕೆ ಮುಂಚಿನ ಸಾಮ್ಯದ ಸೇವಕನೋ, ಧಣಿ ಬರುವುದು ತಡವೆಂದು ಬಗೆದು ಜೊತೆಯಾಳುಗಳನ್ನು ಹೊಡೆಯುತ್ತ, ಕುಡುಕರೊಡನೆ ಉಂಡು ಕುಡಿಯುತ್ತ ಇದ್ದನು. ಧಣಿ ಅವನೆಣಿಸದ ದಿನ ಬಂದುಬಿಟ್ಟನು. ತಡವೆಂದವನಿಗೆ ಬೇಗ, ಬೇಗನೆಂದವರಿಗೆ ತಡ! ಇವೆರಡನ್ನೂ ಅಕ್ಕಪಕ್ಕದಲ್ಲಿರಿಸಿದ್ದು ಆಕಸ್ಮಿಕವೆ? ದಿನವೆಣಿಸುವ ಲೆಕ್ಕವು ಎರಡು ಕಡೆಯೂ ಸೋಲುತ್ತದೆಂಬುದೇ ಇವುಗಳ ಹುರುಳು.

ಈ ಸಾಮ್ಯಗಳನ್ನು ಮೊದಲು ಓದಿದವರಿಗೆ ಇದು ಬರಿಯ ನೀತಿಕಥೆಯಾಗಿರಲಿಲ್ಲ. ಕ್ರಿಸ್ತನು ತಮ್ಮ ಜೀವಿತಕಾಲದಲ್ಲಿಯೇ ಮರಳುವನೆಂದು ಮೊದಲ ತಲೆಮಾರಿನ ಅನೇಕರು ನಂಬಿದ್ದರು. ಥೆಸಲೊನೀಕದ ಸಭೆಯಲ್ಲಿ ಕೆಲವರು ಅಷ್ಟರೊಳಗೇ ತೀರಿಕೊಂಡರು. ಅವರ ಗತಿಯೇನೆಂದು ಉಳಿದವರು ದುಃಖಿಸಿದಾಗ ಪೌಲನು ಸಮಾಧಾನದ ಪತ್ರ ಬರೆಯಬೇಕಾಯಿತು. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಎದುರುನೋಡಿದ ರಾಜ್ಯ ಆಗಲೂ ಕಾಣಿಸಲಿಲ್ಲ. ಮತ್ತಾಯನ ಸುವಾರ್ತೆ ಈಗಿನ ರೂಪ ತಾಳಿದ್ದು ಅದರ ತರುವಾಯವೆಂದು ಬಹುಮಂದಿ ವಿದ್ವಾಂಸರ ಮತ. ಸಾಮ್ಯಗಳು ಮೊದಲು ಯೇಸುವಿನ ಕಾಲದ ಸಂಕಟವನ್ನೇ ಕುರಿತು ಎಚ್ಚರಿಸಿದ್ದವು, ಕಾಯುತ್ತ ಕುಳಿತ ಸಭೆಯು ಅವನ್ನು ಮುಂದಿನ ಬರವಿಗೆ ಅನ್ವಯಿಸಿಕೊಂಡಿತು ಎಂದು 1935ರಲ್ಲಿ ಬ್ರಿಟನ್ನಿನ ಸಿ. ಎಚ್. ಡಾಡ್ ವಾದಿಸಿದರು. ವಿಳಂಬವನ್ನು ಯೇಸುವೇ ಮುಂಗಂಡಿದ್ದನೆನ್ನುವವರೂ ಇದ್ದಾರೆ.

ಕನ್ನಡ ನಾಡಿಗೂ ಇಂಥ ನಿರೀಕ್ಷೆ ಹೊಸತಲ್ಲ. ವೀರಶೈವ ಕಾಲಜ್ಞಾನದ ವಚನಗಳು ವೀರವಸಂತರಾಯನೆಂಬ ಅರಸನ ಬರವನ್ನು ಸಾರಿದವು. ಆದರೆ ಅಲ್ಲಿ ಸಂವತ್ಸರಗಳನ್ನು ಹೆಸರಿಸಿ ಕಾಲವನ್ನು ಸೂಚಿಸುವ ಹಂಬಲವಿದೆ. ಸುವಾರ್ತೆಯ ಸಾಮ್ಯಗಳು ಆ ಗೋಜಿಗೇ ಹೋಗುವುದಿಲ್ಲ.

ಲೂಕನ ಸುವಾರ್ತೆಯಲ್ಲಂತೂ ರಾಜ್ಯವು ಈಗಲೇ ಪ್ರತ್ಯಕ್ಷವಾಗುವುದೆಂದು ಜನರು ಭಾವಿಸಿದುದರಿಂದಲೇ ಯೇಸು ಯೆರಿಕೋವಿನಲ್ಲಿ ಒಂದು ಕಥೆ ಹೇಳುತ್ತಾನೆ. ಕುಲೀನನೊಬ್ಬನು ಸೇವಕರ ಕೈಗೆ ಹಣವಿತ್ತು, ರಾಜಪದವಿ ಪಡೆದುಬರಲು ದೂರದೇಶಕ್ಕೆ ಹೊರಟನು. ನಾಡಿಗರು ಇವನು ಬೇಡವೆಂದು ಬೆನ್ನಹಿಂದೆಯೇ ನಿಯೋಗ ಕಳುಹಿದರು. ಕೇಳಿದವರಿಗೆ ನಿಜಸಂಗತಿಯೊಂದು ನೆನಪಾಗಿರಬೇಕು. ಕ್ರಿ.ಪೂ. 4ರಲ್ಲಿ ಹೆರೋದನು ಸತ್ತಾಗ ಮಗ ಅರ್ಖೆಲಾಯನು ಕಿರೀಟಕ್ಕಾಗಿ ರೋಮಿಗೆ ಹೋದನು. ಐವತ್ತು ಮಂದಿ ಯೆಹೂದ್ಯರು ಹಿಂದೆಯೇ ಹೋಗಿ ಆಕ್ಷೇಪಿಸಿದರು. ಅವನು ಕಟ್ಟಿಸಿದ ಅರಮನೆ ಯೆರಿಕೋವಿನಲ್ಲಿಯೇ ಇತ್ತು. ಕಥೆಯ ಕುಲೀನನು ಅರಸನಾಗಿ ಮರಳಿ ವಿರೋಧಿಗಳನ್ನು ಕೊಲ್ಲಿಸುತ್ತಾನೆ. ಇಂಥವನು ಕ್ರಿಸ್ತನ ಪ್ರತೀಕವಾದಾನೆ ಎಂಬ ಪ್ರಶ್ನೆ ವ್ಯಾಖ್ಯಾನಕಾರರನ್ನು ಇಂದಿಗೂ ಬಿಟ್ಟಿಲ್ಲ. ಅರ್ಖೆಲಾಯನಿಗೋ ರಾಜನೆಂಬ ಬಿರುದೂ ದಕ್ಕಲಿಲ್ಲ; ತಂದೆಯ ನಾಡಿನ ಅರ್ಧವಷ್ಟೇ ಸಿಕ್ಕಿತು. ಅದನ್ನೂ ಕ್ರಿ.ಶ. 6ರಲ್ಲಿ ಕಸಿದುಕೊಂಡ ಅಗಸ್ಟಸ್ ಚಕ್ರವರ್ತಿಯು ಅವನನ್ನು ಗಾಲ್ ದೇಶಕ್ಕೆ ಗಡಿಪಾರು ಮಾಡಿದನು.