ಭಯದ ಸದ್ದಿಗೆ ಕಿವಿಯೊಡ್ಡಿದವರು

ಲಿಥುವೇನಿಯಾದ ಇಗ್ನಲಿನಾ ಅಣು ವಿದ್ಯುತ್ ಸ್ಥಾವರದ ಒಂದು ಬಾಗಿಲು ಸಂಗೀತದ ಚರಿತ್ರೆಯಲ್ಲಿ ಸೇರಿಹೋಗಿದೆ. ಅದನ್ನು ಅಲುಗಾಡಿಸಿದರೆ ಲೋಹದೊಳಗಿನಿಂದ ಏರುಶ್ರುತಿಯ ದನಿಯೊಂದು ಎಳೆಯಾಗಿ ಹೊರಡುತ್ತದೆ. ಸ್ಥಾವರ 2009ರ ಕೊನೆಯ ದಿನವೇ ವಿದ್ಯುತ್ ಉತ್ಪಾದನೆ ನಿಲ್ಲಿಸಿತ್ತು. ಕೆಲ ವರ್ಷಗಳ ನಂತರ ರಕ್ಷಾಕವಚ ತೊಟ್ಟು, ಮೈಕ್ ಹಿಡಿದು ಒಳಹೊಕ್ಕ ಪುಟ್ಟ ತಂಡಕ್ಕೆ ಈ ಬಾಗಿಲು ಸಿಕ್ಕಿತು. ತಂಡದ ನಾಯಕಿ ಐಸ್‌ಲ್ಯಾಂಡಿನ ಚೆಲ್ಲೋ ವಾದಕಿ ಹಿಲ್ಡುರ್ ಗುಡ್ನಾದೋತ್ತಿರ್. ಅವರು ಆಗ ಚೆರ್ನೋಬಿಲ್ ಅಣು ದುರಂತದ ಕಥೆ ಹೇಳುವ 'ಚೆರ್ನೋಬಿಲ್' ಟಿ.ವಿ. ಕಿರುಸರಣಿಗೆ ಹಿನ್ನೆಲೆ ಸಂಗೀತ ಹುಡುಕುತ್ತಿದ್ದರು.

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಸಿಡಿದದ್ದು ಆರ್‌ಬಿಎಂಕೆ ಮಾದರಿಯ ರಿಯಾಕ್ಟರ್. ಇಗ್ನಲಿನಾದಲ್ಲಿದ್ದುದೂ ಅದೇ ಜಾತಿಯದು. ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ, ಕಿವಿಗೂ ಬೀಳುವುದಿಲ್ಲ. ಅಂಥದ್ದಕ್ಕೆ ಯಾವ ವಾದ್ಯ ನುಡಿಸುವುದು? ಹಿಲ್ಡುರ್ ಚೆಲ್ಲೋವನ್ನು ಕೆಳಗಿಟ್ಟರು. ಸ್ಥಾವರದ ಪಂಪ್ ಕೋಣೆ, ಟರ್ಬೈನ್ ಹಾಲ್, ಕೊಳವೆ, ಬಾಗಿಲುಗಳ ಸದ್ದು ಮತ್ತು ತಮ್ಮ ಕಂಠ, ಇಷ್ಟರಲ್ಲೇ ಸಂಗೀತವೆಲ್ಲ ಆಗಬೇಕೆಂದು ನಿಶ್ಚಯಿಸಿದರು. ಕೊನೆಯಲ್ಲಿ ಬರುವ ಮೃತರ ಸ್ಮರಣೆಯ ಸಮೂಹಗಾನ ಇದಕ್ಕೆ ಹೊರತು.

ಅವರೊಂದಿಗೆ ಮೈಕ್ ಹಿಡಿದು ಹೋದವರು ಇಂಗ್ಲೆಂಡಿನ ಕ್ರಿಸ್ ವಾಟ್ಸನ್. ಈ ಸಂಗೀತದ ಬೇರು ತಿಳಿಯಬೇಕೆಂದರೆ ಅವರ ಕಥೆ ಕೇಳಬೇಕು. ವಾಟ್ಸನ್ ಶೆಫೀಲ್ಡಿನವರು. ಉಕ್ಕಿನ ಕಾರ್ಖಾನೆಗಳ ಸುತ್ತಿಗೆ ಬಡಿತ ಕೇಳುತ್ತಲೇ ಊರು ಮಲಗಿ ಏಳುತ್ತಿದ್ದ ಕಾಲವದು. ಹುಡುಗನಾಗಿದ್ದಾಗ ಅಪ್ಪ ಅಮ್ಮ ಒಂದು ಟೇಪ್ ರೆಕಾರ್ಡರ್ ಕೊಡಿಸಿದರು. ಅಡುಗೆಮನೆಯ ಕಿಟಕಿಯಿಂದ ಹಿತ್ತಲಲ್ಲಿ ಕಾಳು ಹೆಕ್ಕುವ ಹಕ್ಕಿಗಳು ಕಾಣುತ್ತಿದ್ದವು, ಗಾಜಿನಾಚೆ ಏನೂ ಕೇಳುತ್ತಿರಲಿಲ್ಲ. ಹುಡುಗ ರೆಕಾರ್ಡರನ್ನು ಕಾಳಿನ ಹಲಗೆಯ ಮೇಲಿಟ್ಟು ಒಳಗೆ ಬಂದ. ಆಮೇಲೆ ಅದನ್ನು ತಿರುಗಿಸಿ ಕೇಳಿದಾಗ, ಮನುಷ್ಯರಿದ್ದರೆ ಕೇಳಲು ಸಿಗದ ಲೋಕವೊಂದು ತೆರೆದುಕೊಂಡಿತು.

1973ರಲ್ಲಿ ಅದೇ ವಾಟ್ಸನ್ ಇಬ್ಬರು ಗೆಳೆಯರೊಂದಿಗೆ 'ಕ್ಯಾಬರೆ ವೋಲ್ಟೇರ್' ತಂಡ ಕಟ್ಟಿದರು. ಮನೆಯ ಅಟ್ಟವೇ ಸ್ಟುಡಿಯೊ. ಟೇಪು ಕತ್ತರಿಸಿ ಉಂಗುರವಾಗಿ ಅಂಟಿಸುವುದು, ಒಂದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸುವುದು, ಸಿಂಥಸೈಜರಿನಿಂದ ಕರ್ಕಶ ದನಿ ತೆಗೆಯುವುದು, ಇದು ಅವರ ಅಭ್ಯಾಸ. 1976ರಲ್ಲಿ ಲಂಡನ್ನಿನ 'ಥ್ರಾಬಿಂಗ್ ಗ್ರಿಸಲ್' ತಂಡ ತನ್ನ ಕಂಪನಿಗೆ 'ಇಂಡಸ್ಟ್ರಿಯಲ್ ರೆಕಾರ್ಡ್ಸ್' ಎಂದು ಹೆಸರಿಟ್ಟ ಮೇಲೆ ಈ ಬಗೆಯ ಸಂಗೀತಕ್ಕೆಲ್ಲ 'ಇಂಡಸ್ಟ್ರಿಯಲ್' ಎಂಬ ಹೆಸರೇ ನಿಂತಿತು. 1977ರ 'ಇರೇಸರ್‌ಹೆಡ್' ಸಿನಿಮಾದ ಹಿನ್ನೆಲೆಯ ಯಂತ್ರದ ಹುಯಿಲು, 1996ರ 'ಕ್ವೇಕ್' ಮತ್ತು 1999ರ 'ಸೈಲೆಂಟ್ ಹಿಲ್' ವಿಡಿಯೊ ಗೇಮ್‌ಗಳ ತುಕ್ಕು ಹಿಡಿದ ದನಿ, ಎಲ್ಲವೂ ಇದೇ ಜಾಡಿನವು. ವಾಟ್ಸನ್ ಮಾತ್ರ 1981ರಲ್ಲಿ ತಂಡ ಬಿಟ್ಟು ಟಿ.ವಿ. ವಾಹಿನಿಯ ಧ್ವನಿಗ್ರಾಹಕರಾದರು. ಮುಂದೆ ಡೇವಿಡ್ ಅಟೆನ್‌ಬರೊ ಅವರ ವನ್ಯಜೀವಿ ಸರಣಿಗಳಿಗೆ ದುಡಿದರು. ಕೀನ್ಯಾದಲ್ಲಿ ಸತ್ತುಬಿದ್ದ ಜೀಬ್ರಾದ ಪಕ್ಕೆಲುಬಿನೊಳಗೆ ಮೈಕ್ ಸಿಕ್ಕಿಸಿ, ರಣಹದ್ದುಗಳು ಕಿತ್ತು ತಿನ್ನುವ ಸದ್ದನ್ನು ಅವರು ಹಿಡಿದಿದ್ದಾರೆ. ಅದಕ್ಕಿಂತ ಎದೆ ನಡುಗಿಸುವ ಸದ್ದು ಯಾವ ಸಿಂಥಸೈಜರಿನಿಂದಲೂ ಹೊರಟಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಇಗ್ನಲಿನಾದಲ್ಲಿ ನಡೆದದ್ದು ಎರಡು ಬಗೆಯ ಕೆಲಸ. ಮೊದಲನೆಯದು, ಇದ್ದ ಸದ್ದನ್ನು ಹಿಡಿಯುವುದು. ಎರಡನೆಯದು ಇನ್ನೂ ಸೂಕ್ಷ್ಮ: ಖಾಲಿ ಕೋಣೆಯಲ್ಲಿ ಒಂದು ಸದ್ದು ಮಾಡಿ, ಅದು ಗೋಡೆಗೋಡೆಗೆ ಬಡಿದು ಅಡಗುವವರೆಗಿನ ಮಾರ್ದನಿಯನ್ನು ದಾಖಲಿಸುವುದು. ಅದು ಆ ಕೋಣೆಯ ಬೆರಳಚ್ಚು ಇದ್ದ ಹಾಗೆ. ಕಂಪ್ಯೂಟರಿಗೆ ಅದನ್ನು ಕೊಟ್ಟರೆ, ಬೇರೆಲ್ಲೋ ಹಾಡಿದ್ದು ಆ ಕೋಣೆಯಲ್ಲೇ ಹಾಡಿದಂತೆ ಕೇಳುತ್ತದೆ. ಹಿಲ್ಡುರ್ ಅವರ ಕಂಠ ಸ್ಥಾವರದ ಗೋಡೆಗಳ ನಡುವೆ ಅಲೆಯುವಂತೆ ಕೇಳುವುದು ಹೀಗೆ. ಆ ಬಾಗಿಲಿನ ದನಿಯೂ ರಾಗದ ಎಳೆಯಾಗಿ ಬೆಳೆದು, 'ದಿ ಡೋರ್' ಎಂಬ ಹೆಸರಿನ ತುಣುಕೇ ಆಗಿದೆ.

ಮಾಮೂಲಿ ಭಯದ ಸಿನಿಮಾದಲ್ಲಿ ಪಿಟೀಲು ಕಿರುಚಿದೊಡನೆ ನಾವು ಎಚ್ಚೆತ್ತುಕೊಳ್ಳುತ್ತೇವೆ. ಇಲ್ಲಿ ಆ ಸೂಚನೆಯೇ ಇಲ್ಲ. ತಂಬೂರಿಯ ಶ್ರುತಿಯಂತೆ ತಳದಲ್ಲಿ ಗುಂಯ್‌ಗುಡುವ ದನಿ ಎಡೆಬಿಡದೆ ಹರಿಯುತ್ತಿರುತ್ತದೆ, ಆದರೆ ತಂಬೂರಿ ಕೊಡುವ ನೆಲೆ ಇದರಲ್ಲಿ ಸಿಗುವುದಿಲ್ಲ. ಕೇಳುತ್ತಿರುವುದು ದೃಶ್ಯದೊಳಗಿನ ಪಂಪೋ ಹಿನ್ನೆಲೆ ಸಂಗೀತವೋ ತಿಳಿಯದೆ ಕಿವಿ ತಡಕಾಡುತ್ತದೆ. ಅಪಾಯ ಶುರುವಾದದ್ದು ಯಾವಾಗ, ಅದು ಎಲ್ಲಿದೆ ಎಂದು ತಿಳಿಯದೆ ಚೆರ್ನೋಬಿಲ್‌ನ ಜನ ಬದುಕಿದ್ದೂ ಹೀಗೆಯೇ. ದುರಂತದಲ್ಲಿ ನೊಂದವರ ಕಥೆಯನ್ನು ಅಬ್ಬರವಿಲ್ಲದೆ, ಇಷ್ಟು ಗೌರವದಿಂದ ಹೇಳಿದ ಹಿನ್ನೆಲೆ ಸಂಗೀತವನ್ನು ನಾನು ಬೇರೆ ಕೇಳಿಲ್ಲ.

ಐದು ಕಂತುಗಳ ಸರಣಿ 2019ರಲ್ಲಿ ಪ್ರಸಾರವಾಯಿತು. ಹಿಲ್ಡುರ್ ಅವರಿಗೆ ಅದೇ ವರ್ಷ ಎಮ್ಮಿ, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂದವು. 'ಜೋಕರ್' ಚಿತ್ರದ ಸಂಗೀತಕ್ಕೆ 2020ರಲ್ಲಿ ಆಸ್ಕರ್ ಕೂಡ ಬಂತು. 'ಚೆರ್ನೋಬಿಲ್' ಸಂಗೀತದ ಆಲ್ಬಂ ಪ್ರತ್ಯೇಕವಾಗಿ ಸಿಗುತ್ತದೆ. ಕೇಳುವುದಾದರೆ ಮೊಬೈಲಿನ ಸ್ಪೀಕರ್ ಬೇಡ, ತಳದ ದನಿ ಅದರಲ್ಲಿ ಬರುವುದೇ ಇಲ್ಲ. ರಾತ್ರಿ ಮನೆಮಂದಿ ಮಲಗಿದ ಮೇಲೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ.