ಅಡುಗೆ ಉಪ್ಪು ಹಾಕಿದರೆ ನಲ್ಲಿ ನೀರು ಸಮುದ್ರದ ನೀರಾಗುತ್ತದೆಯೇ? ಮೊದಲ ಮರೈನ್ ಅಕ್ವೇರಿಯಂಗೆ ನಿಜಕ್ಕೂ ಬೇಕಾಗಿರುವುದೇನು?

ಗಾಜಿನ ಬಟ್ಟಲಿಗೆ ನಲ್ಲಿ ನೀರು ತುಂಬಿ, ಎರಡು ಹಿಡಿ ಅಡುಗೆ ಉಪ್ಪು ಹಾಕಿ, ‘ನೀಮೊ’ ಮೀನು ಬಿಟ್ಟರೆ ಮನೆಯಲ್ಲೇ ಸಮುದ್ರ! ಇಂಥ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಹಾಗೆ ಮಾಡಿದರೆ ಮೀನು ಹೆಚ್ಚು ದಿನ ಬದುಕುವುದಿಲ್ಲ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಶೇ 85ರಷ್ಟು ನಾವು ತಿನ್ನುವ ಉಪ್ಪೇ, ಅಂದರೆ ಸೋಡಿಯಂ ಕ್ಲೋರೈಡ್. ಆದರೆ ಉಳಿದ ಶೇ 15ರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟ್ ಇರುತ್ತವೆ. ಇವಿಲ್ಲದಿದ್ದರೆ ಸಮುದ್ರಜೀವಿಗಳ ದೇಹ ನಡೆಯುವುದಿಲ್ಲ, ನೀರಿನ ಪಿಎಚ್ ಕೂಡ 8ರ ಮೇಲೆ ನಿಲ್ಲುವುದಿಲ್ಲ. ಅದಕ್ಕಾಗಿಯೇ ‘ಮರೈನ್ ಸಾಲ್ಟ್ ಮಿಕ್ಸ್’ ಮಾರುತ್ತಾರೆ. 100 ಲೀಟರ್ ನೀರಿಗೆ ಮೂರೂವರೆಯಿಂದ ನಾಲ್ಕು ಕಿಲೊ ಬೇಕು. ಎರಡು ಹಿಡಿ ಎಲ್ಲಿ, ನಾಲ್ಕು ಕಿಲೊ ಎಲ್ಲಿ!

ಮಂಗಳೂರಿನವರು ಕಡಲ ತೀರದಿಂದಲೇ ನೀರು ತರಬಹುದಲ್ಲ ಎಂದು ಕೇಳಬಹುದು. ನೇತ್ರಾವತಿ, ಗುರುಪುರ ನದಿಗಳು ಅಲ್ಲೇ ಸಮುದ್ರ ಸೇರುವುದರಿಂದ ಮಳೆಗಾಲದಲ್ಲಿ ತೀರದ ನೀರಿನ ಉಪ್ಪಿನಂಶ ಇಳಿಯುತ್ತದೆ. ಜೊತೆಗೆ ದೋಣಿಗಳ ಎಣ್ಣೆ, ಚರಂಡಿ ನೀರು. ಹೊಸಬರಿಗೆ ಆ ಸಾಹಸ ಬೇಡ.

ಸಾಲ್ಟ್ ಮಿಕ್ಸ್ ಬೆರೆಸಲು ಆರ್‌ಒ ನೀರು ಒಳ್ಳೆಯದು. ಆದರೆ ಅಡುಗೆಮನೆಯ ಕೆಲವು ಆರ್‌ಒ ಯಂತ್ರಗಳು ರುಚಿಗಾಗಿ ಸ್ವಲ್ಪ ಲವಣವನ್ನು ಮತ್ತೆ ಸೇರಿಸುತ್ತವೆ. ಟಿಡಿಎಸ್ ಮೀಟರ್ ಅದ್ದಿ ನೋಡಿ, ಅಂಕಿ ಸೊನ್ನೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಇನ್ನು ಉಪಕರಣಗಳು. ಮೀನಿಗಿಂತ ಮೊದಲು ಕೊಳ್ಳಬೇಕಾದದ್ದು ರಿಫ್ರಾಕ್ಟೋಮೀಟರ್. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಉಪ್ಪಿನಂಶ ತಿಳಿಯುತ್ತದೆ. ಅಗ್ಗದ ಪ್ಲಾಸ್ಟಿಕ್ ಮುಳ್ಳಿನ ಮೀಟರ್‌ಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ನೆನಪಿಡಿ, ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಹಾಗಾಗಿ ನೀರು ಇಳಿದಾಗ ಸೇರಿಸಬೇಕಾದದ್ದು ಸಿಹಿನೀರು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

‘ಚಿಕ್ಕ ಟ್ಯಾಂಕ್ ಸುಲಭ’ ಎನ್ನುವುದೂ ತಪ್ಪು. ನೀರು ಕಡಿಮೆ ಇದ್ದಷ್ಟೂ ಉಷ್ಣತೆ, ಉಪ್ಪಿನಂಶ ಬೇಗ ಏರುಪೇರಾಗುತ್ತವೆ. 100 ಲೀಟರ್‌ಗಿಂತ ದೊಡ್ಡದನ್ನೇ ಆರಿಸಿ. ನೀರಿನ ತೂಕವೇ 100 ಕಿಲೊ ದಾಟುವುದರಿಂದ ಹಳೇ ಟೀಪಾಯಿ ಮೇಲೆ ಇಡಬೇಡಿ.

ಪ್ರೋಟೀನ್ ಸ್ಕಿಮ್ಮರ್ ಹೆಸರು ಕೇಳಿ ಹೆದರಬೇಡಿ. ಅಲೆ ಬಡಿದಾಗ ದಡದಲ್ಲಿ ನೊರೆ ಏಳುತ್ತದಲ್ಲ, ಅದೇ ತತ್ವ. ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿ, ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತದೆ. ನೀರು ಸುತ್ತಾಡಿಸಲು ಒಂದು ವೇವ್‌ಮೇಕರ್ ಬೇಕು. ಉಷ್ಣತೆ 25–27 ಡಿಗ್ರಿ ಇರಬೇಕು. ಬೆಂಗಳೂರಿನ ಚಳಿಗಾಲಕ್ಕೆ ಹೀಟರ್ ಬೇಕಾದರೆ, ಕರಾವಳಿಯ ಬೇಸಿಗೆಗೆ ಚಿಲ್ಲರ್ ಬೇಕಾಗಬಹುದು. ಇದ್ದುದರಲ್ಲಿ ದುಬಾರಿ ಇದೇ. ಬರೀ ಮೀನು ಸಾಕುವುದಾದರೆ ಸಾಧಾರಣ ಎಲ್‌ಇಡಿ ಸಾಕು, ದುಬಾರಿ ದೀಪದ ಮಾತಿಗೆ ಮರುಳಾಗಬೇಡಿ. ಆ ಹಣದಲ್ಲಿ ಬ್ಯಾಟರಿ ಏರ್ ಪಂಪ್ ತನ್ನಿ. ಕರೆಂಟ್ ಹೋಗಿ ಗಂಟೆಗಟ್ಟಲೆ ಬಾರದಿದ್ದಾಗ ಮೀನಿನ ಉಸಿರು ಉಳಿಸುವುದು ಅದೇ.

ಎಲ್ಲ ಜೋಡಿಸಿದ ಮರುದಿನವೇ ಮೀನು ತರುವಂತಿಲ್ಲ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲಷ್ಟೇ ಮೊದಲ ಮೀನು.

ಅಂಗಡಿಯವರು ಹವಳವನ್ನೋ ಸಮುದ್ರಕುದುರೆಯನ್ನೋ ತೋರಿಸಿದರೆ ಬೇಡ ಎನ್ನಿ. ನಮ್ಮ ಸಮುದ್ರದ ಗಟ್ಟಿ ಹವಳಗಳಿಗೂ ಸಮುದ್ರಕುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸಿಕ್ಕಿಬಿದ್ದರೆ ಕೇಸು. ಕ್ಲೌನ್‌ಫಿಶ್ ಬೇಕಿದ್ದರೆ ಅದು ಹ್ಯಾಚರಿಯಲ್ಲಿ ಬೆಳೆದದ್ದೇ ಎಂದು ಕೇಳಿ ಕೊಳ್ಳಿ. ಅದರ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮಲ್ಲೇ ರೂಪಿಸಿದೆ. ಹಾಗೆ ಬೆಳೆದ ಮೀನು ಟ್ಯಾಂಕ್‌ಗೂ ಒಣ ಆಹಾರಕ್ಕೂ ಮೊದಲೇ ಒಗ್ಗಿಕೊಂಡಿರುತ್ತದೆ.